ನಳಿಕೆ ಬೇಡವೆಂದ ಜಗದ್ಗುರು: ಉಸಿರಿನ ಯಂತ್ರದ ಮುಂದೆ ನಮ್ಮ ಕುಟುಂಬಗಳು

2005ರ ಮಾರ್ಚ್ 27, ಪಾಸ್ಖ ಹಬ್ಬದ ಆದಿತ್ಯವಾರ. ಪೋಪ್ ದ್ವಿತೀಯ ಜಾನ್ ಪಾಲರು ವ್ಯಾಟಿಕನ್ನಿನ ತಮ್ಮ ಕಿಟಕಿಯಲ್ಲಿ ಕಾಣಿಸಿಕೊಂಡರು. ಅವರು ಮಾತನಾಡಲು ಯತ್ನಿಸಿದರು, ಸ್ವರ ಹೊರಡಲಿಲ್ಲ. ಕೈಯೆತ್ತಿ ಶಿಲುಬೆಯ ಗುರುತಿನಿಂದ ಜನರನ್ನು ಆಶೀರ್ವದಿಸಿ ಒಳಗೆ ಸರಿದರು. ಒಂದು ತಿಂಗಳ ಹಿಂದೆ, ಫೆಬ್ರವರಿ 24ರಂದು, ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಉಸಿರಾಟಕ್ಕಾಗಿ ನಳಿಕೆಯೊಂದನ್ನು ಇರಿಸಲಾಗಿತ್ತು. ಏಪ್ರಿಲ್ 2ರಂದು ಅವರು ದೈವಾಧೀನರಾದರು.

ಇಪ್ಪತ್ತು ವರ್ಷಗಳ ತರುವಾಯ, 2025ರ ಏಪ್ರಿಲ್ 20ರಂದು, ಮತ್ತೆ ಪಾಸ್ಖ ಹಬ್ಬ. ಅದೇ ಜೆಮೆಲ್ಲಿ ಆಸ್ಪತ್ರೆಯಲ್ಲಿ 38 ದಿನ ಕಳೆದು, ನಾಲ್ಕು ವಾರಗಳ ಹಿಂದಷ್ಟೇ ಹೊರಬಂದಿದ್ದ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಬಸಿಲಿಕದ ಉಪ್ಪರಿಗೆಯಿಂದ ಕ್ಷೀಣವಾದ, ಆದರೆ ಎಲ್ಲರಿಗೂ ಕೇಳಿಸಿದ ಸ್ವರದಲ್ಲಿ ಹಬ್ಬದ ಶುಭಾಶಯ ಕೋರಿದರು. ಮರುದಿನ ಬೆಳಿಗ್ಗೆ 7.35ಕ್ಕೆ ಅವರ ಇಹಯಾತ್ರೆ ಮುಗಿಯಿತು.

ಇಬ್ಬರ ಕಾಯಿಲೆ ಒಂದೇ ಆಗಿರಲಿಲ್ಲ. ಜಾನ್ ಪಾಲರದು ಮುಖ್ಯವಾಗಿ ಧ್ವನಿಪೆಟ್ಟಿಗೆಯ ಬಳಿ ಉಸಿರಿನ ದಾರಿ ಕಿರಿದಾದ ತೊಂದರೆ. ಫ್ರಾನ್ಸಿಸರದು ಎರಡೂ ಶ್ವಾಸಕೋಶಗಳ ನ್ಯುಮೋನಿಯಾ. ಆದುದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ಸರಿಯಲ್ಲ. ಆದರೂ ಕೊನೆಯ ಹಬ್ಬದಂದು ಒಬ್ಬರಿಗೆ ಸ್ವರವಿರಲಿಲ್ಲ, ಇನ್ನೊಬ್ಬರಿಗೆ ಇತ್ತು ಎಂಬುದರ ಹಿಂದೆ ಒಂದು ವೈದ್ಯಕೀಯ ಸಂಗತಿಯೂ ಒಂದು ನೈತಿಕ ಪ್ರಶ್ನೆಯೂ ಅಡಗಿವೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು, ವೈದ್ಯರು ಮುಂದೆ ಹಿಡಿದ ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ ಎಂದು ತಿಳಿಯದೆ ಕಂಗಾಲಾದ ಅನುಭವ ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಿಗೆ ಇದೆ.

ಫ್ರಾನ್ಸಿಸರು ಆಡಿದರೆನ್ನಲಾದ ಎರಡು ಮಾತುಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬೇಕಾಗಿದೆ. 2025ರ ಫೆಬ್ರವರಿ 28ರಂದು ಶ್ವಾಸನಾಳಗಳು ಸೆಳೆತುಕೊಂಡು, ವಾಂತಿಯ ಅಂಶ ಉಸಿರಿನೊಂದಿಗೆ ಒಳಹೋಗಿ ಅವರ ಸ್ಥಿತಿ ತಟ್ಟನೆ ಬಿಗಡಾಯಿಸಿತು. ಇಲ್ಲಿಗೆ ನಿಲ್ಲಿಸಿ ಅವರನ್ನು ಹೋಗಗೊಡುವುದೇ, ಅಥವಾ ಇತರ ಅಂಗಗಳಿಗೆ ಹಾನಿಯಾಗುವ ಅಪಾಯವಿದ್ದರೂ ಸಾಧ್ಯವಿದ್ದ ಎಲ್ಲ ಔಷಧೋಪಚಾರಗಳನ್ನು ಮಾಡುವುದೇ ಎಂಬ ಆಯ್ಕೆ ಎದುರಾಯಿತೆಂದು ಚಿಕಿತ್ಸಾ ತಂಡದ ಮುಖ್ಯಸ್ಥ ಡಾ. ಸೆರ್ಜಿಯೊ ಅಲ್ಫಿಯೆರಿ ಆಮೇಲೆ ಇಟಲಿಯ ಪತ್ರಿಕೆಗೆ ತಿಳಿಸಿದರು. ಪೋಪರ ಖಾಸಗಿ ಶುಶ್ರೂಷಕ ಮಸ್ಸಿಮಿಲಿಯಾನೊ ಸ್ಟ್ರಾಪೆಟ್ಟಿಯವರ ಮೂಲಕ ಬಂದ ಉತ್ತರ, ಎಲ್ಲವನ್ನೂ ಮಾಡಿ ನೋಡಿ, ಕೈಬಿಡಬೇಡಿ ಎಂಬುದಾಗಿತ್ತು. ಇದೊಂದು ಮಾತು. ಪೋಪರ ನಿಧನದ ಬಳಿಕ ಅದೇ ವೈದ್ಯರು ಇನ್ನೊಂದನ್ನು ಹೊರಗೆಡಹಿದರು: ಯಾವ ಸನ್ನಿವೇಶದಲ್ಲಿಯೂ ತಮ್ಮ ಗಂಟಲಿಗೆ ನಳಿಕೆ ಇಳಿಸಬಾರದೆಂದು ಫ್ರಾನ್ಸಿಸರು ಸ್ಪಷ್ಟವಾಗಿ ಕೇಳಿಕೊಂಡಿದ್ದರು.

ಎಲ್ಲವನ್ನೂ ಮಾಡಿ ಎಂದವರೇ ಇದನ್ನು ಮಾಡಬೇಡಿ ಎಂದರೆ ಅದು ವಿರೋಧಾಭಾಸವಲ್ಲವೇ? ಅಲ್ಲ ಎಂಬುದೇ ಈ ಬರಹದ ಅಭಿಪ್ರಾಯ. ಏಕೆ ಅಲ್ಲ ಎಂಬುದನ್ನು ತಿಳಿಯಬೇಕಾದರೆ ಮೊದಲು ಯಂತ್ರವನ್ನು ಅರಿಯಬೇಕು, ಆಮೇಲೆ ಧರ್ಮಸಭೆಯ ಬೋಧನೆಯನ್ನು.

ಇದು ರೋಮಿನ ವಿಷಯ ಮಾತ್ರವೂ ಅಲ್ಲ. ಪೋಪರು ಆಸ್ಪತ್ರೆ ಸೇರುವ ಎರಡು ವಾರ ಮೊದಲು, 2025ರ ಜನವರಿ 30ರಂದು, ಕರ್ನಾಟಕ ಸರಕಾರದ ಆರೋಗ್ಯ ಇಲಾಖೆಯು ಗುಣವಾಗುವ ಆಶೆಯಿಲ್ಲದ ರೋಗಿಗಳ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಕುರಿತು ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಪತ್ರಿಕೆಗಳು ಅದನ್ನು 'ಘನತೆಯಿಂದ ಸಾಯುವ ಹಕ್ಕು' ಎಂದು ಕರೆದವು. ಇದು ದಯಾಮರಣವಲ್ಲವೇ, ಕಥೋಲಿಕರು ಇದಕ್ಕೆ ಸಹಿ ಹಾಕಬಹುದೇ ಎಂಬ ಸಂಶಯ ಸಹಜವಾಗಿಯೇ ಏಳುತ್ತದೆ.

ಮಾಸ್ಕು ಮತ್ತು ನಳಿಕೆ

ಉಸಿರಾಟ ಸೋಲುವುದು ಸ್ಥೂಲವಾಗಿ ಎರಡು ಬಗೆಯಲ್ಲಿ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕೀವೋ ನೀರೋ ತುಂಬಿದಾಗ ಒಳಗೆಳೆದ ಆಮ್ಲಜನಕ ರಕ್ತವನ್ನು ಸೇರುವುದಿಲ್ಲ. ನ್ಯುಮೋನಿಯಾದಲ್ಲಿ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಾಗ ಹೀಗಾಗುತ್ತದೆ. ಇನ್ನೊಂದರಲ್ಲಿ ಉಸಿರೆಳೆಯುವ ಸ್ನಾಯುಗಳೇ ದಣಿಯುತ್ತವೆ. ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ರೋಗಿಗೆ ಮಂಪರು ಕವಿಯುತ್ತದೆ. ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ ಮಾತ್ರವಲ್ಲ, ಒಂದು ಬೀಡಿಯನ್ನೂ ಮುಟ್ಟದೆ ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ನಮ್ಮ ಅಜ್ಜಿಯಂದಿರಲ್ಲಿಯೂ ಈ ಎರಡನೆಯ ಬಗೆ ಕಂಡುಬರುತ್ತದೆ.

ಬರಿಯ ಆಮ್ಲಜನಕದಿಂದ ಕೆಲಸವಾಗದಾಗ ಯಂತ್ರ ಬೇಕಾಗುತ್ತದೆ. ಹಳೆಯ ಕ್ರಮದಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಧ್ವನಿತಂತುಗಳ ನಡುವಿನಿಂದ ಶ್ವಾಸನಾಳಕ್ಕೆ ನಳಿಕೆ ಇಳಿಸಿ, ಅದರ ತುದಿಯಲ್ಲಿರುವ ಪುಟ್ಟ ಬುಗ್ಗೆಯನ್ನು ಉಬ್ಬಿಸಿ, ವೆಂಟಿಲೇಟರಿಗೆ ಜೋಡಿಸುತ್ತಾರೆ. ಉಸಿರಿನ ದಾರಿ ಭದ್ರವಾಗುತ್ತದೆ, ಒತ್ತಡವೆಲ್ಲ ನೇರವಾಗಿ ಶ್ವಾಸಕೋಶಕ್ಕೆ ತಲಪುತ್ತದೆ. ಆದರೆ ರೋಗಿ ಮಾತನಾಡಲಾರ, ಉಣ್ಣಲಾರ, ಕೆಮ್ಮಿ ಕಫ ಹೊರಹಾಕಲಾರ. ಹೆಚ್ಚಿನ ವೇಳೆ ಮಂಪರಿನ ಔಷಧಿಯಲ್ಲೇ ಇರುತ್ತಾನೆ. ಗಂಟಲಿನ ಸಹಜ ಕಾವಲು ಇಲ್ಲವಾಗುವುದರಿಂದ ಕ್ರಿಮಿಗಳು ನಳಿಕೆಯ ಪಕ್ಕದಿಂದ ಕೆಳಗಿಳಿದು ಹೊಸದೊಂದು ನ್ಯುಮೋನಿಯಾಕ್ಕೆ ಕಾರಣವಾಗಬಹುದು. ದಿನಗಳು ಉರುಳಿದರೆ ಕತ್ತಿನಲ್ಲಿ ರಂಧ್ರ ಮಾಡಬೇಕಾಗುತ್ತದೆ.

ಇನ್ನೊಂದು ಕ್ರಮದಲ್ಲಿ ಒಳಗೆ ಏನನ್ನೂ ತೂರಿಸುವುದಿಲ್ಲ. ಮೂಗು ಬಾಯಿಗಳನ್ನು ಬಿಗಿಯಾಗಿ ಮುಚ್ಚುವ ಮಾಸ್ಕಿನ ಮೂಲಕ, ಅಥವಾ ತಲೆಯನ್ನೇ ಆವರಿಸುವ ಪಾರದರ್ಶಕ ಹೆಲ್ಮೆಟ್ಟಿನ ಮೂಲಕ, ಒತ್ತಡದ ಗಾಳಿಯನ್ನು ಕೊಡುತ್ತಾರೆ. ರೋಗಿ ಉಸಿರೆಳೆಯತೊಡಗಿದೊಡನೆ ಯಂತ್ರ ಅದನ್ನು ಗ್ರಹಿಸಿ ಒಂದಿಷ್ಟು ದೂಡಿಕೊಡುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಬೈಪ್ಯಾಪ್ ಎನ್ನುವುದು ರೂಢಿ. ರೋಗಿ ಎಚ್ಚರದಿಂದಿರುತ್ತಾನೆ, ಸ್ವಲ್ಪ ಹೊತ್ತು ಮಾಸ್ಕು ಸರಿಸಿ ನೀರು ಕುಡಿಯಬಹುದು, ನಾಲ್ಕು ಮಾತಾಡಬಹುದು. ಫ್ರಾನ್ಸಿಸರಿಗೆ ಫೆಬ್ರವರಿ 28ರಂದು ಆರಂಭಿಸಿದ್ದು ಇದನ್ನೇ. ಮಾರ್ಚ್ 3ರಂದು ಕಫ ಕಟ್ಟಿಕೊಂಡು ಎರಡು ಬಾರಿ ಉಸಿರಾಟ ತೀವ್ರವಾಗಿ ಸೋತಾಗ, ದೂರ್ಬೀನಿನಂಥ ಕೊಳವೆಯಿಂದ ಕಫವನ್ನು ಹೀರಿ ತೆಗೆದು ಮತ್ತೆ ಮಾಸ್ಕನ್ನೇ ಹಾಕಿದರು. ಅನಂತರ ರಾತ್ರಿ ಮಾಸ್ಕು, ಹಗಲು ಮೂಗಿನ ಮೂಲಕ ರಭಸದ ಆಮ್ಲಜನಕ ಎಂಬ ಕ್ರಮ ನಡೆಯಿತು. ಮಾರ್ಚ್ 6ರಂದು ಸಂತ ಪೇತ್ರರ ಚೌಕದಲ್ಲಿ ಜಪಮಾಲೆಗೆ ನೆರೆದವರಿಗೆ ಧ್ವನಿವರ್ಧಕದಲ್ಲಿ ಅವರ ಏದುಸಿರಿನ ಸ್ಪ್ಯಾನಿಷ್ ಮಾತುಗಳು ಕೇಳಿಸಿದವು. ನಳಿಕೆ ಹಾಕಿದ್ದರೆ ಆ ಸ್ವರ ಇರುತ್ತಿರಲಿಲ್ಲ.

ಮೈಯೊಳಗೆ ಕೈಹಾಕದ ಈ ಉಪಾಯ ಹೊಸತೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಮೊದಲು ಬಂದದ್ದೇ ಇದು. 1928ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡ್ರಿಂಕರ್ ಮತ್ತು ಷಾ ಎಂಬವರು ರೂಪಿಸಿದ 'ಕಬ್ಬಿಣದ ಶ್ವಾಸಕೋಶ'ದಲ್ಲಿ ಪೋಲಿಯೋ ಪೀಡಿತ ಮಗುವನ್ನು ಕತ್ತಿನವರೆಗೆ ಪೆಟ್ಟಿಗೆಯೊಳಗೆ ಮಲಗಿಸಿ, ಪೆಟ್ಟಿಗೆಯ ಗಾಳಿಯ ಒತ್ತಡವನ್ನು ಏರಿಳಿಸಿ ಎದೆಯನ್ನು ಹಿಗ್ಗಿಸುತ್ತಿದ್ದರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಉಲ್ಬಣಿಸಿದಾಗ ಆ ಪೆಟ್ಟಿಗೆಗಳು ಸಾಲದೆ ಹೋದವು. ಉಸಿರಾಟ ನಿಂತ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ ನಳಿಕೆಯಿರಿಸಿ ರಬ್ಬರು ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಕೊಟ್ಟರು. ಆಕೆ ಉಳಿದಳು. ಆ ಮೇಲೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ಹಗಲಿರುಳು ಚೀಲ ಹಿಸುಕಿ ರೋಗಿಗಳನ್ನು ಬದುಕಿಸಿದರು. ಇಂದಿನ ತೀವ್ರ ನಿಗಾ ಘಟಕಗಳು ಹುಟ್ಟಿದ್ದು ಅಲ್ಲಿ. ನಳಿಕೆಯನ್ನು ತುಚ್ಛವಾಗಿ ಕಾಣುವವರು ಆ ವಿದ್ಯಾರ್ಥಿಗಳನ್ನು ನೆನೆಯಬೇಕು.

ರೋಮಿನಲ್ಲಿಯೇ ನಡೆದ ಅಧ್ಯಯನ

ಮಾಸ್ಕು ನಳಿಕೆಗೆ ಸಾಟಿಯಾಗಬಲ್ಲದೇ ಎಂಬ ಪ್ರಶ್ನೆ 1990ರ ದಶಕದಲ್ಲಿ ಪರೀಕ್ಷೆಗೊಳಗಾಯಿತು. 1995ರಲ್ಲಿ ಫ್ರಾನ್ಸಿನ ಬ್ರೊಷಾರ್ ಮತ್ತು ಸಂಗಡಿಗರು, ದೀರ್ಘಕಾಲದ ಶ್ವಾಸಕೋಶ ರೋಗ ಉಲ್ಬಣಿಸಿದ 85 ಮಂದಿಯ ಅಧ್ಯಯನವನ್ನು ಪ್ರಕಟಿಸಿದರು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 74 ಮಂದಿಗೆ ನಳಿಕೆ ಬೇಕಾಯಿತು. ಮಾಸ್ಕು ಹಾಕಿದವರಲ್ಲಿ 26 ಮಂದಿಗೆ. ಆಸ್ಪತ್ರೆಯಲ್ಲಿ ಮೃತರಾದವರು ನೂರಕ್ಕೆ 29 ಮತ್ತು 9. ಈ ಬಗೆಯ ರೋಗಿಗಳಲ್ಲಿ ಮಾಸ್ಕು ಜೀವ ಉಳಿಸುತ್ತದೆಂಬ ವಿಷಯದಲ್ಲಿ ಆಮೇಲೆ ಗಂಭೀರ ಭಿನ್ನಾಭಿಪ್ರಾಯ ಉಳಿಯಲಿಲ್ಲ.

ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. 1998ರಲ್ಲಿ ರೋಮಿನ ಮಸ್ಸಿಮೊ ಆಂತೊನೆಲ್ಲಿ ಮತ್ತು ಸಂಗಡಿಗರು, ಆ ದೀರ್ಘ ರೋಗವಿಲ್ಲದ, ಆದರೆ ಆಮ್ಲಜನಕ ಅಪಾಯಕಾರಿಯಾಗಿ ಕುಸಿದ 64 ಮಂದಿಯನ್ನು ಆರಿಸಿಕೊಂಡರು. ಎಲ್ಲರೂ ನಳಿಕೆ ಹಾಕಲೇಬೇಕೆಂಬ ಹಂತಕ್ಕೆ ಬಂದವರು. ಅವರಲ್ಲಿ 32 ಮಂದಿಗೆ ಚೀಟಿ ಎತ್ತಿದಂತೆ ಮಾಸ್ಕು, 32 ಮಂದಿಗೆ ನಳಿಕೆ. ಆಮ್ಲಜನಕದ ಮಟ್ಟವನ್ನು ಏರಿಸುವುದರಲ್ಲಿ ಎರಡೂ ಸಮನಾದವು. ಮಾಸ್ಕಿನ ಗುಂಪಿನ 10 ಮಂದಿಗೆ ಕೊನೆಗೆ ನಳಿಕೆ ಹಾಕಬೇಕಾಯಿತು. ಉಳಿದ 22 ಮಂದಿಗೆ ಬೇಕಾಗಲಿಲ್ಲ. ಗಂಭೀರ ತೊಡಕುಗಳು ನಳಿಕೆಯವರಲ್ಲಿ ನೂರಕ್ಕೆ 66, ಮಾಸ್ಕಿನವರಲ್ಲಿ 38. ನಳಿಕೆಯಿಂದಾದ ನ್ಯುಮೋನಿಯಾ ಹಾಗೂ ಸೈನಸಿನ ಸೋಂಕು ನೂರಕ್ಕೆ 31 ಮತ್ತು 3. ಸಾವಿನ ಸಂಖ್ಯೆಯಲ್ಲಿ ಮಾತ್ರ ಖಚಿತವಾದ ವ್ಯತ್ಯಾಸವೆನ್ನುವಷ್ಟು ಸಿಗಲಿಲ್ಲ. ಡಾ. ಆಂತೊನೆಲ್ಲಿ ತರುವಾಯ ಇದೇ ಜೆಮೆಲ್ಲಿ ಆಸ್ಪತ್ರೆಯ ತೀವ್ರ ನಿಗಾ ವಿಭಾಗದ ಮುಖ್ಯಸ್ಥರಾದರು. ಇಪ್ಪತ್ತೇಳು ವರ್ಷಗಳ ಬಳಿಕ ಪೋಪರಿಗೆ ಮಾಸ್ಕು ಹಾಕಿದ್ದು ಅರೆಮನಸ್ಸಿನ ಚಿಕಿತ್ಸೆಯಲ್ಲ, ಆ ನಗರದ ವೈದ್ಯರು ತಾವೇ ಅಳೆದು ತೂಗಿದ ಚಿಕಿತ್ಸೆ ಎಂಬುದನ್ನು ತೋರಿಸಲು ಇದನ್ನು ಹೇಳಿದೆ.

ಆದರೆ ಮಾಸ್ಕಿಗೂ ಮಿತಿಯಿದೆ, ಮತ್ತು ಆ ಮಿತಿಯನ್ನು ಮರೆತರೆ ಪ್ರಾಣಕ್ಕೇ ಸಂಚಕಾರ. ಪ್ರಜ್ಞೆ ತಪ್ಪಿದವರಿಗೆ, ಎಡೆಬಿಡದೆ ವಾಂತಿಯಾಗುವವರಿಗೆ, ಕಫವನ್ನು ತಾವಾಗಿ ಹೊರಹಾಕಲಾರದವರಿಗೆ, ರಕ್ತದೊತ್ತಡ ಕುಸಿದವರಿಗೆ ಅದು ಸಾಮಾನ್ಯವಾಗಿ ಹೇಳಿದ್ದಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ತಡ. 2004ರಲ್ಲಿ ಎಸ್ತೆಬಾನ್ ಮತ್ತು ಸಂಗಡಿಗರು ಎಂಟು ದೇಶಗಳ 37 ಕೇಂದ್ರಗಳಿಂದ ಬೇರೆಯೇ ಒಂದು ಫಲಿತಾಂಶ ತಂದರು. ನಳಿಕೆ ತೆಗೆದ ಬಳಿಕ ಮತ್ತೆ ಉಸಿರು ಸೋತ 221 ಮಂದಿಯಲ್ಲಿ ಮಾಸ್ಕು ಹಾಕಿದವರೇ ಹೆಚ್ಚು ಸತ್ತರು: ನೂರಕ್ಕೆ 25, ಮಾಸ್ಕಿಲ್ಲದವರಲ್ಲಿ 14. ಪುನಃ ನಳಿಕೆ ಬೇಕಾದವರಲ್ಲಿ ಮಾಸ್ಕಿನವರಿಗೆ ಅದು ದೊರೆತದ್ದು ಸುಮಾರು ಹನ್ನೆರಡು ಗಂಟೆಗಳ ಮೇಲೆ, ಉಳಿದವರಿಗೆ ಎರಡೂವರೆ ಗಂಟೆಗಳಲ್ಲಿ. ಮಾಸ್ಕು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಒಂದೆರಡು ಗಂಟೆಗಳಲ್ಲೇ ರಕ್ತ ಪರೀಕ್ಷೆಯಿಂದ ನೋಡಬೇಕು. ಕೆಲಸ ಮಾಡದಿದ್ದರೆ, ಮತ್ತು ರೋಗಿಗೆ ನಳಿಕೆ ತಕ್ಕದ್ದಾದರೆ, ಆ ಹೊತ್ತಿನಲ್ಲಿ 'ಇನ್ನೂ ಸ್ವಲ್ಪ ನೋಡುವ' ಎನ್ನುವುದು ಕರುಣೆಯಲ್ಲ.

ಕೊರೋನಾ ಕಾಲದಲ್ಲಿ ಈ ವಿವೇಚನೆಯನ್ನೆಲ್ಲ ಮಸುಕುಗೊಳಿಸಿದ ಒಂದು ನಂಬಿಕೆ ಹರಡಿತು. ವೆಂಟಿಲೇಟರಿಗೆ ಹಾಕಿದರೆ ಮುಗಿಯಿತು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಕೆಲವರು ಆಡಿದ್ದೇವೆ ಕೂಡ. 2020ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ಪ್ರದೇಶದ 5,700 ರೋಗಿಗಳ ವರದಿ ಪ್ರಕಟವಾದಾಗ ಯಂತ್ರಕ್ಕೇರಿದವರಲ್ಲಿ ನೂರಕ್ಕೆ 88 ಮಂದಿ ಸತ್ತರೆಂದು ಲೋಕವೆಲ್ಲ ಸುದ್ದಿಯಾಯಿತು. ಒಳಗಿನ ಲೆಕ್ಕ ಬೇರೆಯಿತ್ತು. ಯಂತ್ರಕ್ಕೇರಿದ 1,151 ಮಂದಿಯಲ್ಲಿ 282 ಮಂದಿ ತೀರಿಕೊಂಡಿದ್ದರು, 38 ಮಂದಿ ಮನೆಗೆ ಹೋಗಿದ್ದರು, 831 ಮಂದಿ ಇನ್ನೂ ಆಸ್ಪತ್ರೆಯಲ್ಲಿದ್ದರು. ಆ 831 ಮಂದಿಯನ್ನು ಬದಿಗಿಟ್ಟು ಲೆಕ್ಕ ಹಾಕಿದ್ದರಿಂದ 88 ಬಂದಿತ್ತು. ಪತ್ರಿಕೆ ತಿದ್ದುಪಡಿ ಮಾಡಿತು, ಭೀತಿಗೆ ತಿದ್ದುಪಡಿಯಾಗಲಿಲ್ಲ.

ಅದೇ ವಸಂತದಲ್ಲಿ ಇಟಲಿಯ ವೃದ್ಧ ಗುರುಗಳಾದ ವಂ. ಜುಸೆಪ್ಪೆ ಬೆರಾರ್ದೆಲ್ಲಿಯವರು ತಮ್ಮ ಉಸಿರಾಟದ ಯಂತ್ರವನ್ನು ಕಿರಿಯ ರೋಗಿಯೊಬ್ಬನಿಗೆ ಬಿಟ್ಟುಕೊಟ್ಟು ಪ್ರಾಣತ್ಯಾಗ ಮಾಡಿದರೆಂಬ ಕಥೆ ನಮ್ಮ ಮೊಬೈಲುಗಳಿಗೂ ಬಂದು ತಲಪಿತು. ಅವರು ಸತ್ತದ್ದು ನಿಜ, ಒಳ್ಳೆಯ ಗುರುಗಳೆಂದು ಜನ ಪ್ರೀತಿಸುತ್ತಿದ್ದುದೂ ನಿಜ. ಯಂತ್ರ ಬಿಟ್ಟುಕೊಟ್ಟ ಸಂಗತಿ ನಿಜವಲ್ಲವೆಂದು ಅವರ ಬೆರ್ಗಾಮೊ ಧರ್ಮಪ್ರಾಂತ್ಯದ ಕಡೆಯಿಂದಲೇ ಸ್ಪಷ್ಟನೆ ಬಂತು. ಇದನ್ನು ಇಲ್ಲಿ ಎತ್ತಲು ಕಾರಣವಿದೆ. ಮುದುಕರಾದವರು ಯಂತ್ರವನ್ನು ಬಿಟ್ಟುಕೊಡುವುದೇ ಪುಣ್ಯವೆಂಬ ಭಾವನೆ ಇಂಥ ಕಥೆಗಳಿಂದ ಹುಟ್ಟುತ್ತದೆ. 2020ರ ಮಾರ್ಚ್ 30ರಂದು ಜೀವ ಕುರಿತ ಪೋಪರ ಅಕಾಡೆಮಿಯು, ಉಪಕರಣಗಳ ಕೊರತೆಯಲ್ಲಿ ಆಯ್ಕೆ ಅನಿವಾರ್ಯವಾದರೂ ವಯಸ್ಸೊಂದನ್ನೇ ತಾನಾಗಿ ಅಳತೆಗೋಲು ಮಾಡಕೂಡದೆಂದು ಹೇಳಿತು. ಎಂಬತ್ತು ದಾಟಿದವರಿಗೆ ಮಾಸ್ಕು, ನಲುವತ್ತರವರಿಗೆ ನಳಿಕೆ ಎಂಬ ನಿಯಮ ವೈದ್ಯಶಾಸ್ತ್ರದಲ್ಲಿಲ್ಲ, ಧರ್ಮದಲ್ಲಿಯೂ ಇಲ್ಲ.

1957ರ ಉತ್ತರ

ಡೆನ್ಮಾರ್ಕಿನ ನಳಿಕೆ ಯುರೋಪಿನಲ್ಲೆಲ್ಲ ಹರಡಿದ ಕೆಲವೇ ವರ್ಷಗಳಲ್ಲಿ ವೈದ್ಯರಿಗೆ ಒಂದು ಧರ್ಮಸಂಕಟ ಎದುರಾಯಿತು. ಮಿದುಳಿಗೆ ಭಾರೀ ಪೆಟ್ಟು ಬಿದ್ದವರು ಯಂತ್ರದ ಬಲದಿಂದ ಉಸಿರಾಡುತ್ತ ಮಲಗಿರುತ್ತಿದ್ದರು. ಸುಧಾರಣೆಯಿಲ್ಲ, ಸಾವೂ ಇಲ್ಲ. ಯಂತ್ರವನ್ನು ತೆಗೆಯಬಹುದೇ? ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಅರಿವಳಿಕೆ ವಿಭಾಗದ ಮುಖ್ಯಸ್ಥ ಡಾ. ಬ್ರೂನೊ ಹೈಡ್ ಈ ಪ್ರಶ್ನೆಗಳನ್ನು ನೇರವಾಗಿ ಪೋಪರ ಮುಂದಿಟ್ಟರು. 1957ರ ನವೆಂಬರ್ 24ರಂದು ಹನ್ನೆರಡನೆಯ ಪಿಯೂಸರು ಉತ್ತರಿಸಿದರು.

ಪ್ರಾಣರಕ್ಷಣೆಗೆ ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ. ವ್ಯಕ್ತಿ, ಸ್ಥಳ, ಕಾಲ, ಸಂಸ್ಕೃತಿಗಳನ್ನು ಅನುಸರಿಸಿ ತನಗಾಗಲಿ ಇತರರಿಗಾಗಲಿ ವಿಪರೀತ ಹೊರೆಯಾಗದಂಥವೇ ಸಾಮಾನ್ಯ ಸಾಧನಗಳು. ಅದಕ್ಕೂ ಮಿಗಿಲಾದುದನ್ನು ಮಾಡಬಹುದು, ಮಾಡಲೇಬೇಕೆಂಬ ಬಂಧನವಿಲ್ಲ. ಯಂತ್ರದ ಪ್ರಯೋಗ ಕುಟುಂಬಕ್ಕೆ ತಾಳಲಾರದ ಹೊರೆಯಾದರೆ ಅದನ್ನು ನಿಲ್ಲಿಸೆಂದು ಅವರು ಕೇಳುವುದು ನ್ಯಾಯ, ವೈದ್ಯನು ಒಪ್ಪುವುದೂ ನ್ಯಾಯ, ಅದು ಕೊಲೆಯಲ್ಲ. ಅವರ ಉತ್ತರದ ಸಾರ ಇದು. ಅದರಲ್ಲಿ ಇನ್ನೊಂದು ಸೂಚನೆಯಿತ್ತು: ರೋಗಿಗೆ ಅಂತ್ಯಾಭ್ಯಂಗ ಇನ್ನೂ ಸಿಕ್ಕಿರದಿದ್ದರೆ, ಅದು ಆಗುವವರೆಗಾದರೂ ಉಸಿರನ್ನು ಮುಂದುವರಿಸಲು ಯತ್ನಿಸಬೇಕು.

ಅದೇ 1957ರಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸಿನಲ್ಲಿ ಜಾರ್ಜ್ ಮಾರಿಯೊ ಬೆರ್ಗೊಲ್ಯೊ ಎಂಬ ಯುವಕ ಶ್ವಾಸಕೋಶದ ಸೋಂಕಿನಿಂದ ಸಾವಿನಂಚಿಗೆ ಹೋಗಿ ಬಂದ. ಬಲ ಶ್ವಾಸಕೋಶದ ಮೇಲ್ಭಾಗವನ್ನು ಕತ್ತರಿಸಿ ತೆಗೆಯಲಾಯಿತು. ಔಷಧಿಯ ಪ್ರಮಾಣವನ್ನು ಧೈರ್ಯದಿಂದ ಹೆಚ್ಚಿಸಿದ ಧರ್ಮಭಗಿನಿ ಕೊರ್ನೇಲಿಯಾ ಕರಾಲ್ಯೊ ತನ್ನ ಜೀವ ಉಳಿಸಿದರೆಂದು ಆತ ಪೋಪ್ ಫ್ರಾನ್ಸಿಸ್ ಆದ ಮೇಲೂ ಹೇಳುತ್ತಿದ್ದರು. ಪಿಯೂಸರ ಭಾಷಣಕ್ಕೆ ಅರುವತ್ತು ವರ್ಷ ತುಂಬುತ್ತಿದ್ದ 2017ರ ನವೆಂಬರಿನಲ್ಲಿ, ಯುರೋಪಿನ ವೈದ್ಯರ ಸಭೆಗೆ ಬರೆದ ಸಂದೇಶದಲ್ಲಿ ಫ್ರಾನ್ಸಿಸರು ಅದನ್ನೇ ಎತ್ತಿಕೊಂಡು, ರೋಗಿಯ ಒಟ್ಟು ಹಿತಕ್ಕೆ ತಕ್ಕುದಲ್ಲದ ಚಿಕಿತ್ಸೆಯನ್ನು ಬಿಡುವುದು ದಯಾಮರಣಕ್ಕೆ ಸಮನಲ್ಲವೆಂದು ಮತ್ತೆ ಸಾರಿದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2278ನೆಯ ವಿಧಿಯೂ ಇದನ್ನೇ ಹೇಳುತ್ತದೆ.

ಹೀಗಿರುವಾಗ ಅವರ ಎರಡು ಮಾತುಗಳಲ್ಲಿ ವಿರೋಧವೆಲ್ಲಿದೆ? ಒಂದು ಶ್ವಾಸಕೋಶದ ಭಾಗವಿಲ್ಲದ, 88 ವರ್ಷದ, ಶ್ವಾಸನಾಳಗಳು ಹಿಗ್ಗಿ ಜೀರ್ಣವಾಗಿದ್ದ ರೋಗಿಗೆ ನಳಿಕೆ ಹಾಕಿದರೆ ಅದನ್ನು ಮತ್ತೆ ತೆಗೆಯುವ ಭರವಸೆ ಬಹಳ ಕಡಿಮೆ. ಮಾಸ್ಕಿನಿಂದ, ಔಷಧಿಯಿಂದ, ಕಫ ಹೀರುವುದರಿಂದ ಗುಣವಾಗುವ ಆಶೆ ಇತ್ತು. ಆದುದರಿಂದ ಅದೆಲ್ಲ ಆಗಲಿ. ಎಲ್ಲವನ್ನೂ ಮಾಡಿ ಎಂದರೆ ತನಗೆ ತಕ್ಕ ಎಲ್ಲವನ್ನೂ ಎಂದು ಅರ್ಥ. ಅದೇ ನಳಿಕೆ, ನ್ಯುಮೋನಿಯಾ ತಗಲಿದ ನಲುವತ್ತು ವರ್ಷದ ಎರಡು ಮಕ್ಕಳ ತಂದೆಗೆ ಬೇಕಾದಾಗ, ಹತ್ತು ದಿನಗಳ ಬಳಿಕ ಎದ್ದು ನಡೆಯುವ ನಿರೀಕ್ಷೆ ಇದ್ದಾಗ, ಅದನ್ನು ನಿರಾಕರಿಸುವುದು ಬೇರೆಯೇ ವಿಷಯ. ಒಂದೇ ಸಾಧನ ಒಬ್ಬನಿಗೆ ಕರ್ತವ್ಯ, ಇನ್ನೊಬ್ಬನಿಗೆ ಐಚ್ಛಿಕ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಾನೂನೂ ಧರ್ಮಸಭೆಯೂ ಎಲ್ಲ ಕಡೆ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಎಂಬ ದಾದಿ ಮುಂಬಯಿಯ ಆಸ್ಪತ್ರೆಯಲ್ಲಿ 42 ವರ್ಷ ಮಲಗಿದ್ದಳು. ಆಕೆ ತಾನಾಗಿಯೇ ಉಸಿರಾಡುತ್ತಿದ್ದಳು, ಆಕೆಗೆ ಬೇಕಾಗಿದ್ದುದು ಆಹಾರ ಮತ್ತು ಆರೈಕೆ. 2011ರಲ್ಲಿ ಆಕೆಯ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು ಮೊದಲ ಬಾರಿಗೆ ಚಿಕಿತ್ಸೆ ನಿಲ್ಲಿಸುವ ಬಾಗಿಲು ತೆರೆದರೂ ಆಕೆಯ ಆಹಾರವನ್ನು ನಿಲ್ಲಿಸಲು ಒಪ್ಪಲಿಲ್ಲ. ಆರೈಕೆ ಮಾಡುತ್ತಿದ್ದ ದಾದಿಯರೇ ಅದನ್ನು ವಿರೋಧಿಸಿದ್ದರು. ದೇಹ ಸ್ವೀಕರಿಸುವಷ್ಟು ಕಾಲ ಆಹಾರ ನೀರು ಕೊಡುವುದು ಚಿಕಿತ್ಸೆಯಲ್ಲ, ತಾತ್ತ್ವಿಕವಾಗಿ ಸಾಮಾನ್ಯ ಆರೈಕೆ ಎಂಬುದು ಧರ್ಮಸಭೆಯ ಬೋಧನೆ. ವೆಂಟಿಲೇಟರಿನ ಮಾತನ್ನು ಹಾಗೆಯೇ ಗಂಜಿಗೂ ನೀರಿಗೂ ಅನ್ವಯಿಸಕೂಡದು.

ನಿಗಾ ಘಟಕದ ಹೊರಗೆ

ಕರಾವಳಿಯ ಕಥೋಲಿಕ ಮನೆಗಳ ಚಿತ್ರ ನಮಗೆ ಗೊತ್ತಿರುವಂಥದೇ. ತಂದೆ ತಾಯಿ ಊರಲ್ಲಿ. ಮಕ್ಕಳಲ್ಲಿ ಒಬ್ಬ ದುಬಾಯಿಯಲ್ಲಿ, ಒಬ್ಬಳು ಕೆನಡಾದಲ್ಲಿ, ಬಹುಶಃ ಒಬ್ಬರು ಮುಂಬಯಿಯಲ್ಲಿ. ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಉಸಿರುಕಟ್ಟುತ್ತದೆ. ಆಸ್ಪತ್ರೆಗೆ ಕರೆದೊಯ್ದವರು ಪಕ್ಕದ ಮನೆಯವರು ಅಥವಾ ವಾಳೆಯ ಗುರಿಕಾರರು. ವೈದ್ಯರು ನಳಿಕೆ ಹಾಕಬೇಕೇ ಎಂದು ಕೇಳುತ್ತಾರೆ. ಫೋನಿನಲ್ಲಿ ಮೂರು ದೇಶಗಳಿಂದ ಮೂರು ಅಭಿಪ್ರಾಯ. ಕೊನೆಗೆ ಗೆಲ್ಲುವುದು, ನಾನು ಬರುವವರೆಗೆ ಹೇಗಾದರೂ ಇಡಿ ಎಂಬ ಮಾತು. ಮಗ ಬರುವವರೆಗೆ ಉಸಿರಿಟ್ಟುಕೊಂಡಿರಲೆಂದು ನಳಿಕೆ ಹಾಕಿಸಿ, ಆತ ಬಂದು ಮುಖ ನೋಡಿದ ಮೇಲೆ ಬಿಲ್ಲು ಕಟ್ಟಿ, 'ಡಾಕ್ಟರರ ಸಲಹೆ ಮೀರಿ' ಎಂಬ ಕಾಗದಕ್ಕೆ ಸಹಿ ಹಾಕಿ ಮನೆಗೆ ತರುವುದು ಎಷ್ಟೋ ಕಡೆ ನಡೆಯುತ್ತದೆ. ಮಗನ ದುಃಖ ಸುಳ್ಳಲ್ಲ. ಆದರೆ ಆ ಎರಡು ದಿನಗಳು ಯಾರಿಗಾಗಿ ಎಂದು ಕೇಳಿಕೊಳ್ಳಬೇಕಾಗಿದೆ.

ಹಣದ ಮಾತೆತ್ತುವುದು ಪಾಪವೆಂದು ಭಾವಿಸಿ ಬಾಯಿ ಮುಚ್ಚಿಕೊಳ್ಳುವವರೂ ಇದ್ದಾರೆ. 1980ರಲ್ಲಿ ವ್ಯಾಟಿಕನ್ ಹೊರಡಿಸಿದ ದಯಾಮರಣ ಕುರಿತ ಘೋಷಣೆಯು, ಕುಟುಂಬದ ಮೇಲೆ ಅತಿಯಾದ ಖರ್ಚು ಹೊರಿಸಬಾರದೆಂಬ ರೋಗಿಯ ಇಚ್ಛೆಯನ್ನು ನ್ಯಾಯವಾದ ಕಾರಣಗಳಲ್ಲೊಂದಾಗಿ ಎಣಿಸಿದೆ. ಇದು ರೋಗಿಯ ಇಚ್ಛೆ. ಆಸ್ತಿ ಉಳಿಯಲೆಂಬ ಮಕ್ಕಳ ಇಚ್ಛೆಗೆ ಅದು ಪರವಾನಿಗೆಯಲ್ಲ.

ಆದುದರಿಂದ ಸ್ವಸ್ಥರಾಗಿರುವಾಗಲೇ ಮಾತನಾಡಿಕೊಳ್ಳುವುದು ಲೇಸು. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಒಪ್ಪಿ, 2023ರ ಜನವರಿಯಲ್ಲಿ ಸರಳಗೊಳಿಸಿದ ಕ್ರಮದಂತೆ ಪ್ರಾಯಕ್ಕೆ ಬಂದ ಯಾರೇ ಆಗಲಿ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ತನಗೆ ಪ್ರಜ್ಞೆ ಇಲ್ಲದಾಗ ನಿರ್ಧರಿಸತಕ್ಕವರ ಹೆಸರು ಬರೆಯಬೇಕು. ಆ ಹಂತ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿಯೂ, ಜಿಲ್ಲಾ ಆರೋಗ್ಯಾಧಿಕಾರಿಯ ಕಡೆಯ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿಯೂ ಒಪ್ಪಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ ಸುತ್ತೋಲೆ ಮಾಡಿದ್ದು ಈ ಮಂಡಳಿಗಳ ರಚನೆಗೆ ದಾರಿ. ಸುಲಭವಾದ ಕ್ರಮವಲ್ಲ, ಸುಲಭವಾಗಿರದಿರುವುದು ಒಳ್ಳೆಯದೇ ಎನ್ನುವವರಲ್ಲಿ ನಾನೂ ಒಬ್ಬ. ಕಥೋಲಿಕನು ಬರೆಯುವಾಗ 'ನನಗೆ ಯಾವ ಯಂತ್ರವೂ ಬೇಡ' ಎಂದು ಒಂದೇ ಗೆರೆಯಲ್ಲಿ ಮುಗಿಸದೆ, ಗುಣವಾಗುವ ಆಶೆಯಿರುವಾಗ ಏನು, ಇಲ್ಲದಾಗ ಏನು ಎಂಬುದನ್ನು ಬಿಡಿಸಿ ಬರೆಯಬೇಕು. ಆಹಾರ ನೀರಿನ ವಿಷಯವನ್ನು, ಸಂಸ್ಕಾರಗಳ ವಿಷಯವನ್ನು ಬೇರೆಯಾಗಿ ನಮೂದಿಸಬೇಕು.

ಬರೆದದ್ದಿಲ್ಲದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತವರು ವೈದ್ಯರನ್ನು ಕೇಳಬೇಕಾದದ್ದು ಬದುಕುತ್ತಾರೋ ಇಲ್ಲವೋ ಎಂದಲ್ಲ. ಅದಕ್ಕೆ ಅವರಲ್ಲಿ ಉತ್ತರವಿರುವುದಿಲ್ಲ. ಈಗ ಬಂದಿರುವುದು ಗುಣವಾಗತಕ್ಕ ಕಾಯಿಲೆಯೇ, ಅಥವಾ ಹಳೆಯ ಕಾಯಿಲೆಯ ಕೊನೆಯ ಮಜಲೇ? ಮಾಸ್ಕಿನಿಂದ ಸಾಗುವುದೇ? ಸಾಗುವುದಾದರೆ ಎಷ್ಟು ಗಂಟೆಗೆ ಮತ್ತೆ ನೋಡುತ್ತೀರಿ? ನಳಿಕೆ ಹಾಕಿದರೆ ಅದನ್ನು ತೆಗೆಯುವ ನಿರೀಕ್ಷೆ ಎಷ್ಟು? ನಳಿಕೆ ಬೇಡವೆಂದಾದರೆ ಉಸಿರಿನ ಸಂಕಟ ಶಮನಕ್ಕೆ ಏನು ಕೊಡುತ್ತೀರಿ? ನಳಿಕೆ ಬೇಡವೆಂದಾಗಲೂ ಚಿಕಿತ್ಸೆ ನಿಲ್ಲುವುದಿಲ್ಲ, ನಿಲ್ಲಕೂಡದು.

ಇನ್ನು ಗುರುಗಳನ್ನು ಕರೆಯುವ ವಿಷಯ. ನಮ್ಮಲ್ಲಿ ವಿಗಾರರ ಮನೆಗೆ ಫೋನು ಹೋಗುವುದು ಸಾಮಾನ್ಯವಾಗಿ ನಳಿಕೆ ಹಾಕಿ ಮಂಪರು ಬರಿಸಿದ ಮೇಲೆ. ಆಗ ಅಭ್ಯಂಗ ಸಾಧ್ಯ, ಪಾಪನಿವೇದನೆಯಾಗಲಿ ಪರಮಪ್ರಸಾದವಾಗಲಿ ಸಾಧ್ಯವಿಲ್ಲ. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರವೆಂಬ ಹಳೆಯ ಅಂಜಿಕೆ ಇದಕ್ಕೆ ಅರ್ಧ ಕಾರಣ. ಮಾಸ್ಕಿನಲ್ಲಿರುವವರಿಗಾದರೆ ಮಾತೂ ಉಂಟು, ಎಚ್ಚರವೂ ಉಂಟು. ನೀರು ಕುಡಿಸಲೆಂದು ದಾದಿಯರು ನಡುನಡುವೆ ಮಾಸ್ಕು ಸಡಿಲಿಸುತ್ತಾರೆ. ಅದು ಯಾವ ಹೊತ್ತಿಗೆ, ಎಷ್ಟು ನಿಮಿಷ, ನುಂಗಲು ಆಗುವುದೇ ಎಂದು ಅವರಲ್ಲಿ ವಿಚಾರಿಸಿಕೊಂಡು ಗುರುಗಳಿಗೆ ತಿಳಿಸಿದರೆ ಸಾಕು.